ಎರ್ರೆಪ್ಪನ ಎಂಜಿನ್

ಬಳ್ಳಾರಿಯ ಮೋಟಾರು ಶೆಡ್ಡುಗಳಲ್ಲಿ ಒಂದು ಕಾಲಕ್ಕೆ ಒಂದು ಮಾತು ಓಡಾಡುತ್ತಿತ್ತು. ಅರ್ಧ ದಾರಿಯಲ್ಲಿ ಕೈಕೊಟ್ಟದ್ದು ಯಾವುದೇ ಇರಲಿ, ಲಾರಿಯೋ, ಮದುವೆಯ ಮಾತುಕತೆಯೋ, ಮಧ್ಯಾಹ್ನಕ್ಕೆ ಹೊಟ್ಟೆನೋವೆಂದು ಮನೆಗೆ ಹೋದ ಆಳೋ, ‘ಎರ್ರೆಪ್ಪನ ಎಂಜಿನ್ ಆತಲ್ಲೋ’ ಎಂದು ನಗುತ್ತಿದ್ದರು. ಆ ಎರ್ರೆಪ್ಪ ಅಲ್ಲೇ ನಾಲ್ಕು ಮಾರು ದೂರದಲ್ಲಿ ಲಾರಿಯ ಅಡಿಗೆ ಬೆನ್ನು ಹಚ್ಚಿ ಮಲಗಿ ಒಣಗಿದ ಕೆಸರು ಕೆರೆಯುತ್ತಿರುವುದು ಗೊತ್ತಿದ್ದೇ ಆಡುತ್ತಿದ್ದರು. ಊರ ಬಾಯಿಗೆ ಬೀಗ ಹಾಕಿದವರು ಯಾರೂ ಇಲ್ಲ. ಆದರೆ ಆಡುವವರಲ್ಲಿ ಒಬ್ಬನಿಗೂ ನಡೆದದ್ದು ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದವನು ಲಾರಿಯ ಅಡಿಗಿದ್ದ, ಅವನು ಬಾಯಿ ಬಿಡಲಿಲ್ಲ.

ಎರ್ರೆಪ್ಪನ ಕೇರಿ ಕೌಲ್ ಬಜಾರಿನ ಆಚೆ ತುದಿಗಿತ್ತು. ಅವನ ಅಪ್ಪ ಕಂಟೋನ್ಮೆಂಟಿನ ಬಂಗಲೆಗಳ ಕುದುರೆಗೆ ಹುಲ್ಲು ಹೊತ್ತು ಹೊತ್ತು ನೆತ್ತಿ ಸವೆಸಿಕೊಂಡವನು. ಮಗನೂ ಅದೇ ಹೊರೆಗೆ ತಲೆ ಕೊಡುವುದರಲ್ಲಿದ್ದಾಗ ಯುದ್ಧ ಬಂತು, ಕಂಟೋನ್ಮೆಂಟಿನಲ್ಲಿ ಮಿಲಿಟರಿ ಮೋಟಾರುಗಳ ರಿಪೇರಿ ಶೆಡ್ಡು ಎದ್ದಿತು. ಕೈ ಸಾಲದೆ ಸಿಕ್ಕವರನ್ನೆಲ್ಲ ತೆಗೆದುಕೊಂಡರು. ಅಲ್ಲಿದ್ದ ಪಂಜಾಬಿನ ಹವಾಲ್ದಾರ ಎರ್ರೆಪ್ಪನನ್ನು ಯಾವ ಕುಲ ಎಂದು ಕೇಳಲಿಲ್ಲ, ಅಂಗೈ ತೋರಿಸು ಎಂದ. ಅಂಗೈ ನೋಡಿ ಒಳಗೆ ಬಿಟ್ಟುಕೊಂಡ. ಇಪ್ಪತ್ತೆರಡು ವರ್ಷದ ಆ ಹುಡುಗನಿಗೆ ಹಾಗೆ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ, ಆಮೇಲೂ ಯಾರೂ ಬರಲಿಲ್ಲ.

ನಾಲ್ಕು ವರ್ಷ ಆ ಹವಾಲ್ದಾರನ ಕೈಕೆಳಗೆ ಅವನು ಕಲಿತದ್ದು ಮುಖ್ಯವಾಗಿ ಒಂದೇ ವಿದ್ಯೆ, ಸವೆದ ಎಂಜಿನ್ನಿಗೆ ಬೇರಿಂಗು ಕೂಡಿಸುವುದು. ಎಂಜಿನ್ನಿನ ಬೆನ್ನೆಲುಬು ಕ್ರ್ಯಾಂಕು. ಪಿಸ್ಟನ್ನುಗಳ ಏರಿಳಿತವನ್ನು ಅದಕ್ಕೆ ದಾಟಿಸುವುದು ಗೇಣುದ್ದದ ಉಕ್ಕಿನ ರಾಡುಗಳು. ಆ ರಾಡು ಕ್ರ್ಯಾಂಕನ್ನು ಅಪ್ಪಿ ಹಿಡಿಯುವ ಬಾಯೊಳಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹವನ್ನು ಕಾಸಿ ಹೊಯ್ಯಬೇಕು, ಬೇರಿಂಗು ಎಂದರೆ ಅದೇ. ಆರಿದ ಮೇಲೆ ಮೂರು ಅಂಚಿನ ಹೆರೆಯುವ ಉಳಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೆರೆದು, ಕ್ರ್ಯಾಂಕಿಗೆ ಸರಿಯಾಗಿ ಕೂಡುವಂತೆ ಮಾಡಬೇಕು. ‘ಇದು ಬೆಣ್ಣೆ, ತಿಳೀತಾ? ಮರಳಿನ ಒಂದು ಕಣ ಬಿದ್ದರೂ ನುಂಗಿಕೊಳ್ಳುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಒಳಗೆ ಕೂತು ಉಕ್ಕನ್ನು ತಿನ್ನುತ್ತದೆ’ ಎಂದು ಹವಾಲ್ದಾರ ತನ್ನ ಹರಕು ದಖನಿ ಉರ್ದುವಿನಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಯುದ್ಧ ಮುಗಿದು ಶೆಡ್ಡು ಮುಚ್ಚಿದಾಗ ಎರ್ರೆಪ್ಪ ಹಳೆಯ ಅರವೊಂದನ್ನು ಸಾಣೆ ಹಿಡಿದು ತಾನೇ ಮಾಡಿಕೊಂಡಿದ್ದ ಆ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದ.

ಊರಿನ ಶೆಡ್ಡುಗಳಿಗೆ ಆ ಉಳಿ ಬೇಕಿರಲಿಲ್ಲ. ಬ್ರೂಸ್‌ಪೇಟೆಯ ದೊಡ್ಡ ಶೆಡ್ಡಿನ ಗವಿಸಿದ್ದಪ್ಪ ಮೇಸ್ತ್ರಿ ಇವನನ್ನು ಸೇರಿಸಿಕೊಂಡ, ಆದರೆ ಗಾಡಿಯ ಅಡಿಗೆ ಮಲಗಿ ಕೆಸರು ಕೆರೆಯುವುದಕ್ಕೆ. ಎಂಜಿನ್ನಿನ ಮುಚ್ಚಳ ತೆಗೆದಾಗ ಇವನು ಹತ್ತಿರ ಬಂದರೆ ‘ಲೇ, ಅತ್ಲಾಗ ಸರಿ’ ಎನ್ನುತ್ತಿದ್ದ. ಕುಡಿಯುವ ನೀರಿಗೆ ಇವನಿಗೆ ಬೇರೆ ತಂಬಿಗೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ದೊಡ್ಡವರು ಹೇಳುತ್ತಾರೆ. ಆ ಗಾದೆ ಕಟ್ಟಿದವನು ಮೋಟಾರಿನ ಅಡಿಗೆ ಎಂದೂ ಮಲಗಿರಲಿಕ್ಕಿಲ್ಲ. ಎರ್ರೆಪ್ಪ ನಾಲ್ಕು ವರ್ಷ ಕೆರೆದ, ಸಿಕ್ಕಿದ್ದು ಕೆಸರೇ. ಮೇಸ್ತ್ರಿ ಎಂದು ಯಾರಾದರೂ ಒಮ್ಮೆ ಕರೆಯಬೇಕು, ಅವನಿಗಿದ್ದ ಆಸೆ ಇಷ್ಟೇ. ಆ ಆಸೆಯನ್ನು ಹೆಂಡತಿ ಹಂಪಮ್ಮನ ಹೊರತು ಇನ್ನಾರ ಮುಂದೆಯೂ ಹೇಳಿರಲಿಲ್ಲ.

ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಕುರುಗೋಡಿನ ಹತ್ತಿ ವ್ಯಾಪಾರಿ ಮರಿಬಸಪ್ಪನವರ ಹಳೆಯ ಕಾರನ್ನು ಎರಡು ಎತ್ತು ಕಟ್ಟಿ ಗವಿಸಿದ್ದಪ್ಪನ ಶೆಡ್ಡಿಗೆ ಎಳೆತಂದರು. ಊರು ಬಿಟ್ಟುಹೋದ ಯಾವನೋ ಇಂಗ್ಲಿಷ್ ದೊರೆಯಿಂದ ಕೊಂಡ ಕಾರು ಅದು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಹಿಂದುಗಡೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸಿದ್ದರು. ಇದ್ದಿಲ ಬೂದಿ ಕುಡಿದು ಕುಡಿದು ಎಂಜಿನ್ನಿನ ಒಳಗೆಲ್ಲ ಸವೆದು ಹೋಗಿತ್ತು. ಗವಿಸಿದ್ದಪ್ಪ ಬಾನೆಟ್ಟು ಎತ್ತಿ ನೋಡಿ, ‘ಇದು ಸತ್ತೈತ್ರಿ ಸಾವುಕಾರ್ರ. ಮದ್ರಾಸಿನಿಂದ ಬ್ಯಾರೆ ಎಂಜಿನ್ ತರಿಸಬೇಕು, ಮೂರು ತಿಂಗಳು ಹಿಡೀತೈತಿ’ ಎಂದ. ಮರಿಬಸಪ್ಪನವರಿಗೆ ದಸರೆ ಕಳೆದ ಐದನೆಯ ದಿನಕ್ಕೆ ಕಾರು ಬೇಕಿತ್ತು. ಮಗನಿಗೆ ಸಿರುಗುಪ್ಪದಲ್ಲಿ ಹೆಣ್ಣು ಗೊತ್ತಾಗಿತ್ತು. ಅಲ್ಲಿಗೆ ಹೋಗಿ ಹುಡುಗಿಗೆ ಸೀರೆ ಉಡಿಸಿ ಸಕ್ಕರೆ ಹಂಚಬೇಕು. ಬೀಗರು ಗದ್ದೆಯ ಧಣಿಗಳು, ಅವರ ಬಾಗಿಲಿಗೆ ಬಂಡಿಯಲ್ಲಿ ಇಳಿಯುವ ಮನಸ್ಸು ಸಾವುಕಾರರಿಗಿರಲಿಲ್ಲ.

ಅವರು ಪೆಚ್ಚಾಗಿ ಹೊರಗೆ ಬಂದಾಗ ಬಾಗಿಲ ಹತ್ತಿರ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಎರ್ರೆಪ್ಪ ಬಾಯಿ ಬಿಟ್ಟ. ನಾಲ್ಕು ವರ್ಷ ಮುಚ್ಚಿದ ಬಾಯಿ ಅಂದೇಕೆ ತೆರೆಯಿತೋ, ಅವನ ಹಣೆಬರಹ.

‘ಎಂಜಿನ್ ಸತ್ತಿಲ್ರಿ ಸಾವುಕಾರ್ರ. ಬೇರಿಂಗ್ ಸವದಾವ, ರಿಂಗ್ ಸವದಾವ. ನಾ ಕೂಡಸ್ತೀನಿ.’

‘ನೀ ಯಾರಲೇ?’

‘ಕಂಟೋನ್ಮೆಂಟಿನ ಮಿಲಿಟರಿ ಶೆಡ್ಡಿನಾಗ ಇದ್ನಿರಿ. ಇದನ್ನ ಮಾಡ್ತಿದ್ನಿ. ಇಪ್ಪತ್ತು ದಿನ ಕೊಡ್ರಿ.’

ಗವಿಸಿದ್ದಪ್ಪ ಒಳಗಿನಿಂದಲೇ ನಕ್ಕ. ಮರಿಬಸಪ್ಪ ಹತ್ತಿಯನ್ನು ಮುಟ್ಟಿ ದರ ಹೇಳುವ ಮನುಷ್ಯ. ಎರ್ರೆಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಇದು ಓಡಿತು ಅಂದ್ರ ಕುರುಗೋಡಿನ ಬಸ್ಸು ನಿಂದ್ರೋ ಕಡೆ ನನ್ನದೊಂದು ತಗಡಿನ ಶೆಡ್ಡು ಖಾಲಿ ಬಿದ್ದೈತಿ. ಅದು ನಿಂದು. ನಿನ್ನ ಹೆಸರಿನ ಬೋರ್ಡ್ ಹಾಕ್ಕೊ. ಓಡಲಿಲ್ಲಾ ಅಂದ್ರ ಬಳ್ಳಾರ್ಯಾಗ ನಿನಗ ಯಾವನೂ ಕೆಲಸ ಕೊಡದಂಗ ಮಾಡ್ತೀನಿ’ ಎಂದರು. ಎರ್ರೆಪ್ಪನಿಗೆ ಮೊದಲ ಮಾತಷ್ಟೇ ಕೇಳಿಸಿತು.

ಅಂದು ಮನೆಗೆ ಬಂದವನೇ ಹಂಪಮ್ಮನಿಗೆ ಹೇಳಿದ. ಅವಳು ಹತ್ತಿ ಗಿರಣಿಯಲ್ಲಿ ಕಸ ಆಯುವವಳು. ಕೂದಲಿನಲ್ಲಿ ಸದಾ ಎರಡೆಳೆ ಹತ್ತಿ ಇರುತ್ತಿತ್ತು. ‘ಬೋರ್ಡಿನಾಗ ಏನಂತ ಬರಸ್ತೀರಿ?’ ಎಂದು ಕೇಳಿದಳು.

‘ಎರ್ರೆಪ್ಪ ಮೇಸ್ತ್ರಿ ಅಂತ.’

‘ಮೇಸ್ತ್ರಿ ದೊಡ್ಡದಾಗಿ ಬರಸ್ರಿ’ ಎಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಕಾರನ್ನು ಸಾವುಕಾರರ ಬಳ್ಳಾರಿಯ ಹತ್ತಿ ಗೋದಾಮಿನಲ್ಲಿ ನಿಲ್ಲಿಸಿಕೊಟ್ಟರು. ಎರ್ರೆಪ್ಪ ಎಂಜಿನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪಿಸ್ಟನ್ನುಗಳಿಗೆ ಹೊಸ ರಿಂಗು ಹಾಕಿ, ಕ್ರ್ಯಾಂಕಿನ ಮೈಯನ್ನು ಎಣ್ಣೆಗಲ್ಲಿನಿಂದ ನಯ ಮಾಡಿದ. ಆದರೆ ವೈಟ್ ಮೆಟಲ್ ಕಾಸುವುದಕ್ಕೆ ಬೆಂಕಿ ಬೇಕು, ಹತ್ತಿ ಗೋದಾಮಿನಲ್ಲಿ ಬೀಡಿಗೂ ಬೆಂಕಿ ಹಚ್ಚುವಂತಿಲ್ಲ. ಹೀಗಾಗಿ ನಾಲ್ಕು ರಾಡುಗಳು ಗೋಣಿಚೀಲದಲ್ಲಿ ಕೇರಿಗೆ ಬಂದವು. ಕಂಟೋನ್ಮೆಂಟಿನ ಗುಜರಿಯಲ್ಲಿ ಹುಡುಕಿ ಹುಡುಕಿ ತಂದ ಲೋಹ ನಾಲ್ಕು ರಾಡಿಗೆ ಸರಿಯಾಗಿ ಸಾಕಾಗುವಷ್ಟಿತ್ತು, ಒಂದು ಚಮಚ ಹೆಚ್ಚಿರಲಿಲ್ಲ. ಗುಡಿಸಲ ಹಿಂದೆ ಒಲೆ ಹೂಡಿದರು. ತಿದಿ ಒತ್ತಿದವಳು ಹಂಪಮ್ಮ. ಲೋಹ ಕರಗಿ ಹಾಲಿನಂತೆ ಅಲುಗಿದಾಗ ಇಬ್ಬರೂ ಬಾಗಿ ನೋಡಿದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಗಂಡ ಮಾಡುವ ಕೆಲಸವನ್ನು ಅವಳು ಕಂಡದ್ದು ಅದೇ ಮೊದಲು.

ಆಮೇಲೆ ಒಂಬತ್ತು ದಿನ ಅವನು ಬಾಗಿಲ ಬೆಳಕಿಗೆ ಕೂತು ಹೆರೆದ. ಗೋದಾಮಿಗೆ ಹೋಗಿ ಕ್ರ್ಯಾಂಕಿಗೆ ನೀಲಿ ಬಣ್ಣ ಸವರಿ, ರಾಡು ಕೂಡಿಸಿ, ತಿರುಗಿಸಿ, ನೀಲಿ ಹತ್ತಿದ ಉಬ್ಬನ್ನು ಮನೆಯಲ್ಲಿ ಹೆರೆದು ಮತ್ತೆ ಹೋಗುತ್ತಿದ್ದ. ದಿನಕ್ಕೆ ಆರು ಸಲ ನಡೆದ. ಮಹಾನವಮಿಯ ಮುಂಚಿನ ಸಂಜೆ ನಾಲ್ಕನೆಯ ರಾಡಿನ ಬಾಯಿ ತುಂಬ ಒಂದೇ ಸಮನೆ ನೀಲಿ ಹತ್ತಿತು. ಅಷ್ಟು ಚೆನ್ನಾಗಿ ಹವಾಲ್ದಾರನ ಕೈಯಲ್ಲೂ ಕೂತಿರಲಿಕ್ಕಿಲ್ಲ. ನಾಲ್ಕನ್ನೂ ಒರೆಸಿ, ಎಣ್ಣೆ ಸವರಿ, ಹಳೆಯ ಧೋತರದಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಹಂಪಮ್ಮನಿಗೆ ‘ಮುಗೀತು’ ಎಂದ. ಮುಟ್ಟಬೇಡ ಎನ್ನಲಿಲ್ಲ. ಅವಳು ಅವನ ಸಾಮಾನು ಎಂದೂ ಮುಟ್ಟಿದವಳೇ ಅಲ್ಲ, ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಮರುದಿನ ಆಯುಧಪೂಜೆ. ಸಾವುಕಾರರ ಗೋದಾಮಿನಲ್ಲಿ ತಕ್ಕಡಿ, ಬಂಡಿ, ಕಾರು ಎಲ್ಲಕ್ಕೂ ಪೂಜೆ. ಕಾರಿಗೆ ಮಾವಿನೆಲೆ ಕಟ್ಟಬೇಕೆಂದು ಎರ್ರೆಪ್ಪನನ್ನು ಬೆಳಿಗ್ಗೆಯೇ ಕರೆಸಿದ್ದರು. ಕಟ್ಟಿದ, ಪೂಜೆಯ ಹೊತ್ತಿಗೆ ಹೊರಗೆ ನಿಂತ, ಒಡೆದ ಕುಂಬಳಕಾಯಿಯ ಹೋಳು ಬಳಿದು ಹಾಕಿ ಮಧ್ಯಾಹ್ನ ಮನೆಗೆ ಬಂದ.

ಗುಡಿಸಲೊಳಗೆ ಹಂಪಮ್ಮ ಮನೆದೇವತೆ ಸುಂಕಲಮ್ಮನ ಕಳಸದ ಮುಂದೆ ಮಣೆ ಹಾಕಿ ಅವನ ಸಾಮಾನನ್ನೆಲ್ಲ ಜೋಡಿಸಿದ್ದಳು. ಸ್ಪ್ಯಾನರು, ಸುತ್ತಿಗೆ, ಇಕ್ಕಳ, ಆ ಮೂರಂಚಿನ ಉಳಿ. ಅವುಗಳ ನಡುವೆ ಸಾಲಾಗಿ ನಾಲ್ಕು ರಾಡುಗಳು, ಅವುಗಳ ಬಾಯಿಯ ಮುಚ್ಚಳಗಳು ಪಕ್ಕಕ್ಕೆ. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂ. ವೈಟ್ ಮೆಟಲ್ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನು ಬಿಟ್ಟು ಹೋದಾಗ ಅದು ಹಾಗೆ ಹೊಳೆಯುತ್ತಿರಲಿಲ್ಲ.

‘ಇವನ್ನ ಯಾತರಿಂದ ತೊಳದಿ?’

‘ಹುಣಸಿಹಣ್ಣು, ಇಟ್ಟಿಗಿ ಪುಡಿ. ಮತ್ಯಾತರಿಂದ ತಿಕ್ತಾರ? ತಂಬಿಗಿ, ತಾಟು ತಿಕ್ಕಿದ್ದಕ್ಕಿಂತ ಜಾಸ್ತಿ ತಿಕ್ಕೀನಿ. ಎಣ್ಣಿ ಜಿಡ್ಡು ಹಿಡಿದಿತ್ತು, ತಾಯಿ ಮುಂದ ಹಂಗ ಹ್ಯಾಂಗ ಇಡೋದು? ನನ್ನ ಕೈ ನೋಡ್ರಿ.’

ಅವಳ ಬೆರಳ ತುದಿಗಳು ತರಚಿದ್ದವು, ಉಗುರಿನ ಸಂದಿಯಲ್ಲಿ ಕೆಂಪು ಪುಡಿ ಕೂತಿತ್ತು. ನಾಲ್ಕು ರಾಡಿನ ಬಾಯಿಗೂ ಕೈ ಹಾಕಿ, ಮೂಲೆ ಬಿಡದೆ, ಬೆಳಗಿನಿಂದ ತಿಕ್ಕಿದ್ದಳು. ಕೇರಿಯಲ್ಲಿ ಅವಳಷ್ಟು ಬೆಳ್ಳಗೆ ಪಾತ್ರೆ ಬೆಳಗುವವರು ಇರಲಿಲ್ಲ, ಅದು ಅವಳ ಹೆಮ್ಮೆ. ಸಾವುಕಾರರ ಕಾರಿನ ಎಲುಬು ತನ್ನ ಮನೆಯ ದೇವರ ಮುಂದೆ ಕೂತಿದೆ, ಗಂಡನಿಗೆ ಬೋರ್ಡು ಬರುತ್ತದೆ, ತನ್ನಿಂದಾದದ್ದನ್ನು ತಾನು ಮಾಡಬೇಕು, ಅವಳಿಗೆ ತಿಳಿದದ್ದು ಇಷ್ಟು. ಅವಳನ್ನು ತಪ್ಪೆನ್ನುವ ಬಾಯಿ ನನಗಂತೂ ಇಲ್ಲ.

ಎರ್ರೆಪ್ಪ ಮಣೆಯತ್ತ ಕೈ ಚಾಚಿ ಹಿಂದಕ್ಕೆ ತೆಗೆದ. ಎತ್ತಿ ನೋಡೋಣವೆಂದರೆ, ಪೂಜೆಗೆ ಕೂಡಿಸಿದ ಆಯುಧವನ್ನು ದಶಮಿಯ ಬೆಳಗಿನವರೆಗೆ ಯಾರೂ ಎತ್ತುವಂತಿಲ್ಲ. ಎತ್ತಿದವನ ಕೈ ಕೆಲಸ ಕೆಡುತ್ತದೆ ಎಂದು ಅವನ ಅಪ್ಪನ ಕುಡುಗೋಲಿನ ಕಾಲದಿಂದ ನಂಬಿದ್ದು. ಹಾಗಾಗಿ ಅವನು ಮಣೆಯ ಮುಂದೆ ಕೂತುಬಿಟ್ಟ. ಹೋಳಿಗೆ ಬಡಿಸಿದಳು, ಉಂಡ. ರುಚಿ ಹತ್ತಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಬನ್ನಿ ಕೊಟ್ಟು ಕೈ ಮುಗಿದು ರಾಡುಗಳನ್ನು ಎತ್ತಿದ. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದ. ಬಿಸಿಲಿಗೆ ಹಿಡಿದು ನೋಡಿದ, ಹೊಳಪೇ ಹೊಳಪು. ಬೆರಳ ತುದಿಯನ್ನು ಮೆಲ್ಲಗೆ ಆಡಿಸಿದ. ನುಣ್ಣಗಿತ್ತು. ಮೇಲೆ ಏನೂ ಕಾಣುವುದಿಲ್ಲ ಎಂದು ಹವಾಲ್ದಾರ ಹೇಳಿದ್ದು ಕಿವಿಯಲ್ಲೇ ಇತ್ತು. ಇನ್ನೊಂದು ಪದರ ಹೆರೆದರೆ ಕೂಡಿಸಿದ್ದು ಸಡಿಲಾಗುತ್ತದೆ. ಕರಗಿಸಿ ಮತ್ತೆ ಹೊಯ್ದರೆ ಒಂಬತ್ತು ದಿನ, ಹೆರೆದು ಕಡಿಮೆಯಾದಷ್ಟು ಲೋಹವನ್ನು ಎಲ್ಲಿಂದ ತರುವುದು. ಇದ್ದದ್ದು ಐದು ದಿನ. ಸಾವುಕಾರರಿಗೆ ಹೋಗಿ ಏನೆಂದು ಹೇಳುವುದು? ನನ್ನ ಹೆಂಡತಿ ನಿಮ್ಮ ಎಂಜಿನ್ನನ್ನು ತಂಬಿಗೆಯಂತೆ ಬೆಳಗಿದಳು ಎನ್ನುವುದೇ? ಬೋರ್ಡು ಅಂದೇ ಹೋಗುತ್ತಿತ್ತು.

ನಾಲ್ಕನೆಯ ಸಲವೂ ಬೆರಳಾಡಿಸಿದ. ನುಣ್ಣಗೇ ಇತ್ತು. ಹೋಗಿರಬೇಕು, ಸೀಮೆಎಣ್ಣೆಗೆ ಎಲ್ಲಾ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅವನು ಮುಗ್ಗರಿಸಿದ್ದು ಇಲ್ಲಿ. ಹಂಪಮ್ಮ ತಿಳಿಯದೆ ಮಾಡಿದಳು, ಇವನು ತಿಳಿದೂ ಕಣ್ಣು ಮುಚ್ಚಿದ. ಬಡವನಿಗೆ ಆಸೆ ಒಂದು ಸಲ ಬರುತ್ತದೆ, ಬಂದಾಗ ಕುರುಡಾಗಿ ಬರುತ್ತದೆ.

ಮೂರನೆಯ ದಿನ ಎಂಜಿನ್ನು ಕೂತಿತು. ಹ್ಯಾಂಡಲ್ಲು ತಿರುಗಿಸಿದ ಮೂರನೆಯ ಸುತ್ತಿಗೆ ಹೊತ್ತಿಕೊಂಡಿತು. ಸದ್ದು ಎಷ್ಟು ಸಣ್ಣಗಿತ್ತೆಂದರೆ ಗೋದಾಮಿನ ಹಮಾಲರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ‘ನಡದೈತೇನು?’ ಎಂದು ಕೇಳಿದರು. ಸುದ್ದಿ ಕೇಳಿ ಗವಿಸಿದ್ದಪ್ಪನೂ ಬಂದ. ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಬಹಳ ಹೊತ್ತು ಆಲಿಸಿದ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹೋದ.

ಎರ್ರೆಪ್ಪನೇ ಸಾವುಕಾರರನ್ನು ಕೂಡಿಸಿಕೊಂಡು ಕಾರನ್ನು ಕುರುಗೋಡಿಗೆ ಓಡಿಸಿಕೊಂಡು ಹೋದ, ಹೊಸ ಬೇರಿಂಗೆಂದು ಬಂಡಿಗಿಂತ ತುಸು ಜೋರಾಗಿ ಅಷ್ಟೇ. ಬಸವೇಶ್ವರ ಗುಡಿಯ ಮುಂದೆ ನಿಲ್ಲಿಸಿ ಸಾವುಕಾರರು ಕಾಯಿ ಒಡೆಸಿದರು. ಗುಡಿಯಿಂದ ಬರುವಾಗ ಆ ಖಾಲಿ ಶೆಡ್ಡಿನ ಕಡೆ ಕೈ ತೋರಿಸಿ, ‘ಸಿರುಗುಪ್ಪದಿಂದ ಬಂದಮ್ಯಾಲ ಬೀಗದಕೈ ತಗೊಂಡು ಹೋಗು ಎರ್ರೆಪ್ಪ ಮೇಸ್ತ್ರಿ’ ಎಂದರು. ಅವನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಕಣ್ಣು ಮಂಜಾಗಿ ಎದುರಿಗೆ ಬಂದ ಎಮ್ಮೆ ಕಾಣದೆ ಹಾರ್ನ್ ಬಾರಿಸುವುದನ್ನೂ ಮರೆತ.

ಐದನೆಯ ದಿನ ಮುಂಜಾನೆ ಹೊರಟರು. ಮುಂದೆ ಮರಿಬಸಪ್ಪ, ಹಿಂದೆ ಅವರ ಹೆಂಡತಿ ಕೊಟ್ರಬಸಮ್ಮ, ಅವರ ತೊಡೆಯ ಮೇಲೆ ಸೀರೆಯ ತಟ್ಟೆ, ಪಕ್ಕದಲ್ಲಿ ಸಕ್ಕರೆ, ಬಾಳೆಹಣ್ಣಿನ ಬುಟ್ಟಿ. ಎರೆಹೊಲಗಳ ನಡುವಿನ ದಾರಿ ಹಿಡಿದು ಸಿರುಗುಪ್ಪದ ರಸ್ತೆಗೆ ಸೇರಿದರು. ತೆಕ್ಕಲಕೋಟೆಯ ಗುಡ್ಡದ ಬಂಡೆಗಳು ಕಾಣಿಸಿದಾಗ ಎರ್ರೆಪ್ಪನಿಗೆ ಏನೋ ಗೊತ್ತಾಯಿತು. ಅದು ಮೊದಲು ಕಿವಿಗಲ್ಲ, ಪೆಡಲಿನ ಮೇಲಿದ್ದ ಅಂಗಾಲಿಗೆ ಗೊತ್ತಾಯಿತು. ಸಣ್ಣಗೆ, ಯಾರೋ ಉಗುರಿನಿಂದ ತಟ್ಟಿದಂತೆ. ತೆಕ್ಕಲಕೋಟೆ ಬರುವ ಹೊತ್ತಿಗೆ ಕಿವಿಗೂ ಕೇಳಿಸಿತು. ಟಕ್. ಟಕ್.

ಅವನಿಗೆ ಎಲ್ಲವೂ ತಿಳಿಯಿತು. ಸೀಮೆಎಣ್ಣೆಗೆ ಏನೂ ಹೋಗಿರಲಿಲ್ಲ. ಬೆಣ್ಣೆ ನುಂಗಿಕೊಂಡ ಇಟ್ಟಿಗೆಯ ಪುಡಿ ಒಳಗೆ ಕೂತು ಉಕ್ಕನ್ನು ತಿನ್ನುತ್ತಿತ್ತು. ಈಗ ನಿಲ್ಲಿಸಿದರೆ ಬೇರಿಂಗು ಮಾತ್ರ ಹೋಗುತ್ತದೆ, ಎಂಜಿನ್ನು ಉಳಿಯುತ್ತದೆ. ಇನ್ನು ನಾಲ್ಕು ಮೈಲು ಓಡಿಸಿದರೆ ಏನೂ ಉಳಿಯುವುದಿಲ್ಲ.

‘ಸಾವುಕಾರ್ರ, ಇಲ್ಲೇ ನಿಂದ್ರಸಬೇಕಾಗೈತ್ರಿ.’

‘ಯಾಕ?’

‘ಒಳಗ ಸದ್ದು ಬರಾಕತ್ತೈತ್ರಿ. ನಿಂದ್ರಸದಿದ್ರ ಎಂಜಿನ್ ಹೋಗತೈತ್ರಿ.’

‘ಹತ್ತು ಗಂಟೆಗೆ ಮುಹೂರ್ತ ಐತಿ. ಸಿರುಗುಪ್ಪ ಇಲ್ಲೇ ಏಳೆಂಟು ಮೈಲು. ಅಲ್ಲಿ ಹೋಗಿ ಏನ್ ಬೇಕಾದ್ದು ನೋಡ್ಕೊ. ನಡಿ, ಜೋರು ನಡಿ.’

ಅವನು ನಿಲ್ಲಿಸಬಹುದಿತ್ತು. ಬ್ರೇಕು ಅವನ ಕಾಲಡಿಯಲ್ಲೇ ಇತ್ತು. ಆದರೆ ಸಾವುಕಾರರು ನಡಿ ಎಂದಾಗ ನಡೆದು ರೂಢಿಯಾದ ಕಾಲು ಅದು, ನಿಲ್ಲಿಸಲಿಲ್ಲ. ಉಗುರಿನ ಸದ್ದು ಸುತ್ತಿಗೆಯ ಸದ್ದಾಯಿತು. ಕೊಟ್ರಬಸಮ್ಮ ತಟ್ಟೆಯನ್ನು ಎದೆಗವಚಿಕೊಂಡರು. ನೀರಗಾಲುವೆಯ ಗದ್ದೆಗಳು ಹಸಿರಾಗಿ ಕಾಣಿಸಿದವು, ಸಿರುಗುಪ್ಪ ಬಂತೆನ್ನುವಷ್ಟರಲ್ಲಿ ಎಂಜಿನ್ನಿನೊಳಗೆ ದೊಡ್ಡ ಏಟು ಬಿದ್ದಿತು. ಬಾನೆಟ್ಟು ಎತ್ತಿದಾಗ ಮೂರನೆಯ ರಾಡು ಮುರಿದು ಎಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಚಾಚಿತ್ತು. ಕರಿಯ ಎಣ್ಣೆ ಬಿಸಿಬಿಸಿಯಾಗಿ ರಸ್ತೆಯ ಮಣ್ಣಿಗೆ ಹರಿಯುತ್ತಿತ್ತು.

ಮರಿಬಸಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಬತ್ತದ ಹುಲ್ಲು ಹೇರಿಕೊಂಡು ಬರುತ್ತಿದ್ದ ಬಂಡಿಯೊಂದನ್ನು ನಿಲ್ಲಿಸಿ, ಹುಲ್ಲಿಳಿಸಿ, ಹೆಂಡತಿಯನ್ನೂ ತಟ್ಟೆಯನ್ನೂ ಬುಟ್ಟಿಯನ್ನೂ ಹತ್ತಿಸಿದರು. ತಾವು ಹತ್ತುವ ಮುಂಚೆ ಒಮ್ಮೆ ತಿರುಗಿ, ‘ಗವಿಸಿದ್ದಪ್ಪ ಹೇಳಿದ್ದ. ನಿನ್ನ ಕೈಗೆ ಕೊಟ್ಟದ್ದು ನಂದ ತಪ್ಪು’ ಎಂದರು. ಬಂಡಿ ಹೋಯಿತು. ಎರ್ರೆಪ್ಪ ಹುಲ್ಲಿನ ಮೆದೆಯ ಪಕ್ಕದಲ್ಲಿ ಕೂತ. ಅವನಿಗೆ ಅಳು ಬರಲಿಲ್ಲ. ಸತ್ತರೆ ಚೆನ್ನಾಗಿತ್ತು ಎನ್ನಿಸಿತು.

ಎರಡು ಜೊತೆ ಎತ್ತು ಕಟ್ಟಿ ಕಾರನ್ನು ಬಳ್ಳಾರಿಗೆ ಎಳೆತರಲು ಎರಡು ದಿನ ಹಿಡಿಯಿತು. ಎರ್ರೆಪ್ಪ ಪಕ್ಕದಲ್ಲಿ ನಡೆದುಕೊಂಡು ಬಂದ. ದಾರಿಯ ಊರುಗಳಲ್ಲಿ ಜನ ನಿಂತು ನೋಡಿದರು. ಗವಿಸಿದ್ದಪ್ಪನ ಶೆಡ್ಡಿನಲ್ಲಿ ಸಾವುಕಾರರ ಎದುರಿಗೆ ಎಂಜಿನ್ನು ಬಿಚ್ಚಿದರು. ಗವಿಸಿದ್ದಪ್ಪ ಉಳಿದಿದ್ದ ಬೇರಿಂಗಿನ ತುಂಡನ್ನು ಕೈಗೆತ್ತಿಕೊಂಡು ಮೊಳೆಯಿಂದ ಗೀರಿ, ಬೆಳಕಿಗೆ ಹಿಡಿದ. ಬಿಳಿಯ ಲೋಹದ ತುಂಬ ಕೆಂಪು ಚುಕ್ಕೆಗಳು.

‘ಇಟ್ಟಿಗಿ ಪುಡಿ’ ಎಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ, ಅದನ್ನು ಹೇಳಲೇಬೇಕು. ಕೆಲಸ ಬಲ್ಲವನಿಗೆ ಒಳ್ಳೆಯ ಕೆಲಸ ಕೆಟ್ಟದ್ದು ತಿಳಿಯುತ್ತದೆ. ‘ಹೆರದಿದ್ದು ಚೊಲೊ ಐತಲ್ಲೋ. ಇಷ್ಟು ಚೊಲೊ ಹೆರದಾವ ಇದನ್ನ ಇಟ್ಟಿಗಿ ಪುಡಿಯಿಂದ ತಿಕ್ತಾನೇನು? ಯಾರು ತಿಕ್ಕಿದ್ರು ಹೇಳು.’

ಶೆಡ್ಡಿನ ತುಂಬ ಜನ. ಹೆಂಡತಿ ಎಂದಿದ್ದರೆ ಅರ್ಧ ತಪ್ಪು ಇಳಿಯುತ್ತಿತ್ತು, ಅವನ ಕೈಗಾದರೂ ಮರ್ಯಾದೆ ಉಳಿಯುತ್ತಿತ್ತು. ಗವಿಸಿದ್ದಪ್ಪ ಕೇಳಿದ್ದು ಬಹುಶಃ ಅದಕ್ಕೇ. ಆದರೆ ಎರ್ರೆಪ್ಪನಿಗೆ ತರಚಿದ ಬೆರಳುಗಳು ನೆನಪಾದವು. ಆ ಮಾತು ಬಾಯಿಂದ ಬಿದ್ದರೆ ನಾಳೆ ಹತ್ತಿ ಗಿರಣಿಯಲ್ಲಿ, ನೀರಿನ ನಲ್ಲಿಯಲ್ಲಿ, ಊರ ತುಂಬ ನಗುವುದು ಅವಳನ್ನು.

‘ನಾನ ರಿ’ ಎಂದ.

ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ‘ಆ ಕೇರಿ ಕೈ ಮತ್ತೇನು ಮಾಡತೈತಿ’ ಎಂದು ಹಿಂದಿನಿಂದ ಯಾವನೋ ಅಂದ. ಮರಿಬಸಪ್ಪ ಮುಖ ತಿರುಗಿಸಿಕೊಂಡು ಹೋದರು. ಗವಿಸಿದ್ದಪ್ಪ ಮಾತ್ರ ನಗಲಿಲ್ಲ. ಬೇರಿಂಗಿನ ತುಂಡನ್ನು ಎಣ್ಣೆಯ ಡಬ್ಬಿಗೆ ಹಾಕಿ, ‘ನಾಳಿಂದ ಬಂದು ಕೆಸರು ಕೆರಿ’ ಎಂದ. ಸಾವುಕಾರರ ಮಾತು ಮೀರಿ ಅವನು ಅಷ್ಟು ಮಾಡಿದ.

ಎರ್ರೆಪ್ಪ ಮನೆಗೆ ಬಂದಾಗ ಹಂಪಮ್ಮ ಅಂಗಳದಲ್ಲಿ ಕೂತು ತಂಬಿಗೆ ತಿಕ್ಕುತ್ತಿದ್ದಳು. ಇಟ್ಟಿಗೆಯ ಪುಡಿ ಹಿತ್ತಾಳೆಯ ಮೇಲೆ ಕರಕರ ಎನ್ನುತ್ತಿತ್ತು. ನಿನ್ನಿಂದ ಹೋಯಿತು, ಎಲ್ಲಾ ನಿನ್ನಿಂದ ಹೋಯಿತು ಎನ್ನುವ ಮಾತು ಆ ಸದ್ದಿಗೆ ನಾಲಗೆಯ ತುದಿಗೆ ಬಂತು. ಎರಡು ಹೆಜ್ಜೆಗೆ ಅವಳ ಮುಂದೆ ನಿಂತ. ಅವಳು ತಲೆ ಎತ್ತಿದಳು. ಕೂದಲಿನಲ್ಲಿ ಹತ್ತಿಯ ಎಳೆ, ಎರಡೂ ಅಂಗೈ ಕೆಂಪು.

‘ಬೀಗದಕೈ ಕೊಟ್ರೇನ್ರಿ?’

ಅವನು ಅಲ್ಲೇ ಕೂತ. ‘ಎಂಜಿನ್ ಮುರೀತು’ ಎಂದ.

‘ಯಾಕ?’

‘ಹಳೇ ಕಬ್ಬಿಣ. ಅದರ ಆಯುಷ್ಯ ಅಷ್ಟ ಇತ್ತು.’

ಅವಳು ತಂಬಿಗೆ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೋರ್ಡಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆ ವರ್ಷ ಅವನು ಸ್ಪ್ಯಾನರುಗಳನ್ನು ಮಾರಿದ, ಸುತ್ತಿಗೆ ಮಾರಿದ, ಇಕ್ಕಳ ಮಾರಿದ. ಗಾಡಿಯ ಅಡಿಗೆ ಮಲಗುವವನಿಗೆ ಅವುಗಳಿಂದ ಏನು ಕೆಲಸ. ಮೂರಂಚಿನ ಉಳಿಯನ್ನು ಕೇಳುವವರಿಲ್ಲದೆ ಅದು ಮನೆಯಲ್ಲೇ ಉಳಿಯಿತು. ‘ಎರ್ರೆಪ್ಪನ ಎಂಜಿನ್’ ಎಂಬ ಮಾತು ಹುಟ್ಟಿದ್ದು ಆಗಲೇ, ಅದು ಬ್ರೂಸ್‌ಪೇಟೆಯಿಂದ ಕೌಲ್ ಬಜಾರಿಗೆ, ಅಲ್ಲಿಂದ ಕೇರಿಗೂ ಬಂತು. ಇಟ್ಟಿಗೆ ಪುಡಿಯ ಸಂಗತಿ ದಾರಿಯಲ್ಲೇ ಉದುರಿ, ನಗೆಯಷ್ಟೇ ಹಂಪಮ್ಮನ ಕಿವಿಗೂ ಬಿದ್ದಿತು. ಅವಳು ನಲ್ಲಿಯ ಹತ್ತಿರ ಜಗಳವಾಡಿ ಬಂದು, ತನ್ನ ಗಂಡನ ಕೈಯಲ್ಲಿ ಏನೂ ತಪ್ಪಿರಲಿಲ್ಲ, ಕಬ್ಬಿಣ ಹಳೆಯದಿತ್ತು ಎಂದು ಅತ್ತಳು.

ಮತ್ತೊಂದು ಆಯುಧಪೂಜೆ ಬಂತು.

ಶೆಡ್ಡಿನಲ್ಲಿ ಎಲ್ಲ ಗಾಡಿಗಳನ್ನೂ ತೊಳೆದುಕೊಟ್ಟು ಅವನು ಮನೆಗೆ ಬಂದಾಗ ಹಂಪಮ್ಮ ಅಂಗಳದಲ್ಲಿ ಮಣೆ ತೊಳೆದಿಟ್ಟು ಕೂತಿದ್ದಳು. ಮಣೆಯ ಮೇಲಿಡಲು ಇದ್ದದ್ದು ಆ ಉಳಿ ಒಂದೇ. ಅದನ್ನು ತೊಡೆಯ ಮೇಲಿಟ್ಟುಕೊಂಡು ಹುಣಸೆಹಣ್ಣು ಸವರುತ್ತಿದ್ದಳು.

‘ಹ್ವಾದ ವರ್ಷ ನಾ ಅಷ್ಟು ತಿಕ್ಕಿ ಪೂಜಿಗಿ ಇಟ್ಟಿದ್ದಕ್ಕ ಅದು ತೆಕ್ಕಲಕೋಟಿ ದಾಟೂತನಕ ಆದ್ರೂ ಓಡ್ತು’ ಎಂದಳು, ತಲೆ ಎತ್ತದೆ. ‘ಇಲ್ಲಾಂದ್ರ ಇಲ್ಲೇ ಬಳ್ಳಾರ್ಯಾಗ ನಿಂದರ್ತಿತ್ತು. ತಾಯಿ ತನ್ನ ಕೈಲಾದಷ್ಟು ನಡಸಿಕೊಟ್ಟಳು. ಹೌದಿಲ್ರಿ?’

ಎರ್ರೆಪ್ಪ ಅವಳ ಬೆರಳುಗಳನ್ನು ನೋಡಿದ.

‘ಹೌದು’ ಎಂದ.

ಅವಳ ಪಕ್ಕದಲ್ಲಿದ್ದ ಇಟ್ಟಿಗೆಯ ಚೂರು ದಪ್ಪಗಿತ್ತು, ಅವಳ ಕೈಗೆ ಒಡೆದಿರಲಿಲ್ಲ. ಅವನು ಅದನ್ನು ಎತ್ತಿಕೊಂಡು, ಬಾಗಿಲ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿ, ನುಣ್ಣಗೆ ಪುಡಿ ಮಾಡಿ ಅವಳ ಮುಂದಿಟ್ಟ.